ಅರ್ಧ ಲೋಟ

17 ಜನವರಿ 1996, ಬುಧವಾರ

ಬೆಳಿಗ್ಗೆ ಅಂಗಡಿ ತೆರೆದೆ. ಕನ್ನಡಿ ಒರೆಸಿದೆ. ದೇವರಿಗೆ ಊದುಬತ್ತಿ, ಗಿರಾಕಿಗೆ ನಿನ್ನೆಯ ಪೇಪರು. ಎಲ್ಲ ಎಂದಿನಂತೆ. ಎಂದಿನಂತೆ ಇಲ್ಲದ್ದು ಒಂದೇ — ಕುಳ್ಳಯ್ಯ ಮೇಷ್ಟರ ಎಡಗಿವಿ.

ಪಾಂಡವಪುರದಲ್ಲಿ ಕುಳ್ಳಯ್ಯ ಮೇಷ್ಟರಿಂದ ಕಿವಿ ಹಿಂಡಿಸಿಕೊಳ್ಳದ ಗಂಡಸಿಲ್ಲ. ಇವತ್ತು ಅವರ ಕಿವಿಗೇ ನನ್ನ ಕತ್ತಿ ತಾಗಿತು. ಸಾಸಿವೆಯಷ್ಟು ರಕ್ತ. ಪಟಿಕ ಉಜ್ಜಿದೆ. "ಹಳೇ ಸೇಡು ತೀರಿಸ್ಕಂಡೇನ್ಲಾ ತಿಮ್ಮರಾಜು?" ಅಂದರು. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಪಕ್ಕದ ಕುರ್ಚಿಯಲ್ಲಿ ಕತ್ತರಿ ಆಡಿಸುತ್ತಿದ್ದ ತಮ್ಮ ಲೋಕೇಶನೂ ನಕ್ಕ.

ಆದರೆ ಕಿವಿಯ ಮುಂದೆ ನಿಲ್ಲು ಎಂದು ಬಲಗೈಗೆ ಹೇಳಿದ್ದೆ. ಹೇಳಿದ್ದು ಚೆನ್ನಾಗಿ ನೆನಪಿದೆ. ಮಾನ್ಯ ಬಲಗೈಯವರು ಒಂದು ಕೂದಲಿನಷ್ಟು ಮುಂದೆ ಹೋಗಿ ನಿಂತರು. ಸ್ಟಾಪಿನಲ್ಲಿ ನಿಲ್ಲಿಸದೆ ಚೂರು ಮುಂದೆ ಹೋಗಿ ನಿಲ್ಲಿಸುವ ಕೆ.ಆರ್. ಪೇಟೆ ಬಸ್ಸಿನ ಹಾಗೆ.

ಮಧ್ಯಾಹ್ನ ಅವ್ವ ಕಾಫಿ ತಂದುಕೊಟ್ಟಳು. ಇವತ್ತೂ ಅರ್ಧ ಲೋಟ. ಹಾಲಿನ ದರ ಏರಿತೇ ಎಂದು ವಿಚಾರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಹೋದಳು.

23 ಜನವರಿ, ಮಂಗಳವಾರ

ಅಂಗಡಿಗೆ ರಜೆ. ಮನೆಯ ಬೀಗದ ಕೈಯನ್ನು ಬೀಗಕ್ಕೆ ಹಾಕಲು ಹೋದರೆ ಬಾಗಿಲಿಗೆ ತಗುಲಿತು. ಮತ್ತೆ ಹೋದರೆ ಆ ಕಡೆ. ಬೀಗ ತೂಗಾಡುತ್ತಿರಲಿಲ್ಲ, ಅಲುಗಾಡಿದ್ದು ನಾನೇ.

ಕೂತು ಪರೀಕ್ಷೆ ಮಾಡಿದೆ. ತೊಡೆಯ ಮೇಲಿಟ್ಟರೆ ಬಲಗೈ ಸಾಕ್ಷಾತ್ ಸನ್ಯಾಸಿ. ಒಂದಿಷ್ಟೂ ನಡುಕವಿಲ್ಲ. ಏನನ್ನಾದರೂ ಮುಟ್ಟಲು ಹೊರಟರೆ ಮಾತ್ರ ಸಂಸಾರ ಶುರು. ದೂರದಲ್ಲಿದ್ದಾಗ ಸರಿಯಾಗೇ ಹೋಗುತ್ತದೆ. ಹತ್ತಿರ ಬಂದಷ್ಟೂ ತೂಗಾಡುತ್ತದೆ. ಹೆಣ್ಣು ನೋಡಲು ಹೋದ ಗಂಡಿನ ಥರ.

ಹೆಣ್ಣು ನೋಡುವುದು ಅಂದಾಗ ನೆನಪಾಯಿತು. ಲೋಕೇಶನಿಗೆ ಸಂತೆಬಾಚಹಳ್ಳಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವ್ವ ಜಾತಕ ಕೊಡಲಿಲ್ಲ. ನನ್ನ ಕಾಲದಲ್ಲೂ ಇದೇ ಕತೆ — ಒಬ್ಬಳ ಊರು ದೂರ, ಒಬ್ಬಳ ಎತ್ತರ ಜಾಸ್ತಿ, ಒಬ್ಬಳ ಅಪ್ಪನ ಮೀಸೆ ಸರಿಯಿಲ್ಲ. ನನಗೆ ನಲವತ್ತಾಯಿತು. ಮೀಸೆಗಳನ್ನು ಸರಿ ಮಾಡುವುದೇ ನನ್ನ ಕಸುಬು ಎಂದರೂ ಕೇಳಿರಲಿಲ್ಲ.

8 ಫೆಬ್ರವರಿ, ಗುರುವಾರ

ಅಜ್ಮತ್ ಉಲ್ಲಾ ಬಂದಿದ್ದ. ಟೆಂಪೋ ಓಡಿಸುತ್ತಾನೆ, ಚಡ್ಡಿ ಕಾಲದ ಸ್ನೇಹಿತ. ಗಡ್ಡದ ಅಂಚಿಗೆ ಗೆರೆ ಎಳೆಯುವುದು ನನ್ನ ಪಾಲಿನ ಹಕ್ಕು, ಬೇರೆ ಯಾರಿಗೂ ಕೆನ್ನೆ ಕೊಡುವುದಿಲ್ಲ. ಇವತ್ತಿನ ಗೆರೆ ನಾಗಮಂಗಲದ ಅಂಕುಡೊಂಕು ರಸ್ತೆಯಾಗಿತ್ತು. ಕನ್ನಡಿಯಲ್ಲಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿ ನೋಡಿಕೊಂಡ. ಏನೂ ಅನ್ನಲಿಲ್ಲ. ಅಜ್ಮತ್ ಏನೂ ಅನ್ನದಿರುವುದು ಸಣ್ಣ ಸಂಗತಿಯಲ್ಲ. ಮದುವೆ ಮನೆಯಲ್ಲಿ ಬಿರಿಯಾನಿಗೆ ಉಪ್ಪು ಕಮ್ಮಿಯಾದರೆ ಮದುಮಗನಿಗೇ ಹೇಳಿಬರುವ ಆಸಾಮಿ.

ಒಂದು ಉಪಾಯ ಸಿಕ್ಕಿದೆ. ಕಿರುಬೆರಳನ್ನು ಗಿರಾಕಿಯ ಕೆನ್ನೆಗೆ ಊರಿಕೊಂಡು, ಮೊಣಕೈಯನ್ನು ಅವನ ಭುಜಕ್ಕೆ ಒರಗಿಸಿದರೆ ಕತ್ತಿ ಸ್ಥಿಮಿತಕ್ಕೆ ಬರುತ್ತದೆ. "ಇದು ಬಾಂಬೆ ಸ್ಟೈಲು" ಎಂದು ಘೋಷಿಸಿದ್ದೇನೆ. ಗಿರಾಕಿಗಳು ಒಪ್ಪಿದ್ದಾರೆ.

ಲೋಕೇಶ ಮೊಪೆಡ್ಡಿನಿಂದ ಬಿದ್ದ. ಮಂಡಿ ತರಚಿದೆ. ತಪ್ಪು ರಸ್ತೆಯದು ಅಂತ. ನಮ್ಮ ತಾಲ್ಲೂಕಿನ ರಸ್ತೆಗಳ ಮೇಲೆ ಏನು ಹೇಳಿದರೂ ಸುಳ್ಳಾಗುವುದಿಲ್ಲ.

13 ಮಾರ್ಚ್, ಬುಧವಾರ

ಮ್ಯಾಚು. ಅಂಗಡಿಯಲ್ಲಿ ಟೀವಿ ಇಟ್ಟವರು ಯಾರು — ನಾನೇ. ವಿಕೆಟ್ಟುಗಳು ಉದುರುತ್ತಿದ್ದವು. ಒಬ್ಬ ಹುಡುಗನ ಗದ್ದ ಕೊಯ್ದೆ. ವಿಕೆಟ್ ಬಿದ್ದಾಗ ಅವನೇ ಅಲುಗಿದ ಎಂದು ಎಲ್ಲರೂ ಅವನನ್ನೇ ಬೈದರು. ಪಾಪ, ಅವನು ಅಲುಗಿರಲಿಲ್ಲ.

ಇಂಡಿಯಾ ಸೋತದ್ದಕ್ಕೆ ಊರಿಗೆ ದುಃಖ. ನನಗೆ ಮಾತ್ರ ಕೃತಜ್ಞತೆ.

20 ಮಾರ್ಚ್, ಯುಗಾದಿ

ತಂಗಿ ಅರ್ಪಿತ ಕಿಕ್ಕೇರಿಯಿಂದ ಬಂದಳು. ಗಂಡ ನಾಗರಾಜು — ಕರೆಂಟ್ ಆಫೀಸಿನ ಲೈನ್‌ಮ್ಯಾನು, ಮನೆಯಲ್ಲಿ ಬಲ್ಬೂ ಬದಲಾಯಿಸುವುದಿಲ್ಲ. ಅತ್ತೆ ದೊಡ್ಡತಾಯಮ್ಮ. ಮತ್ತು ಇವರೆಲ್ಲರ ಯಜಮಾನ, ವರ್ಷ ತುಂಬಲಿರುವ ಚಿನ್ನು. ತಲೆ ತುಂಬ ಗುಂಗುರು. ಕೆನ್ನೆ ಮುಟ್ಟಲು ಬೆರಳು ಚಾಚಿದೆ. ಕಣ್ಣಿನ ಹತ್ತಿರ ಹೋಯಿತು. ಕೈ ಹಿಂದಕ್ಕೆಳೆದುಕೊಂಡೆ.

ಊಟವಾದ ಮೇಲೆ ದೊಡ್ಡತಾಯಮ್ಮ ಮಾತೆತ್ತಿದರು. ಮಗುವಿನ ಮುಡಿ ತೆಗೆಸಬೇಕು. ಏಪ್ರಿಲ್ ಇಪ್ಪತ್ತೈದು, ಶ್ರೀರಂಗಪಟ್ಟಣದ ಹೊಳೆ ದಡ. ನಮ್ಮ ವಂಶದಲ್ಲಿ ಒಂದು ಪದ್ಧತಿ: ಮನೆ ಹೆಣ್ಣುಮಗಳ ಮಗುವಿನ ಮೊದಲ ಕೂದಲಿಗೆ ಹೊರಗಿನವರ ಕತ್ತಿ ಮುಟ್ಟಿಸುವಂತಿಲ್ಲ. ಹಿರೀ ಸೋದರಮಾವನೇ ತಾತನ ಕಾಲದ ಕತ್ತಿಯಿಂದ ಬೋಳಿಸಬೇಕು. ಕಿರಿಯವನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಅರ್ಪಿತಳ ತಲೆ ಬೋಳಿಸಿದ್ದು ಅವ್ವನ ಅಣ್ಣ. ನಮ್ಮಿಬ್ಬರದೂ ಅವನೇ.

ಅವ್ವ ಗೋಡೆ ನೋಡುತ್ತ, "ಹೊಳೆ ತಾವ್ಲೇ ಇರ್ತಾರಲ್ಲ ಕೆಲ್ಸದೋರು, ಅವ್ರ ತಾವ್ಲೇ ತೆಗ್ಸುದ್ರಾಯ್ತು" ಅಂದಳು.

ದೊಡ್ಡತಾಯಮ್ಮನಿಗೆ ಎಲೆ ಅಡಿಕೆ ಗಂಟಲಿಗೆ ಸಿಕ್ಕಿತು. "ಸಲೂನಿನ ಮನೆ ಮಗೀಗೆ ಬಾಡ್ಗೆ ಕತ್ತಿನಾ ಬೀಗ್ತಿ? ಕಿಕ್ಕೇರಿ ಜನ ಏನಂದಾರು?"

ಏನಂದಾರು! ನನ್ನ ಎದೆಯೂ ಉಬ್ಬಿತು. "ನಾನೇ ತೆಗೀತೀನಿ ಬುಡವ್ವ" ಅಂದೆ. ಮಾತಾಡಿದ್ದು ಬಾಯಿ. ಕೈಯನ್ನು ಯಾರೂ ಕೇಳಲಿಲ್ಲ.

26 ಮಾರ್ಚ್, ಮಂಗಳವಾರ

ಅಜ್ಮತ್ ಹೇಳದೆ ಕೇಳದೆ ಟೆಂಪೋ ತಂದು ನಿಲ್ಲಿಸಿದ. "ತಿಮ್ಮಣ್ಣ, ಹತ್ತು. ನನ್ ಗಡ್ಡ ನೋಡಿ ನಮ್ಮನೆ ಮಕ್ಳು ನಗ್ತಾವೆ. ಮೈಸೂರಲ್ಲಿ ನರದ ಡಾಕ್ಟ್ರು ಇದಾರೆ" ಅಂದ. ಅಂದರೆ ಇಷ್ಟು ದಿನ ಎಲ್ಲ ಗೊತ್ತಿದ್ದೇ ಕೆನ್ನೆ ಒಡ್ಡುತ್ತಿದ್ದ.

ಡಾಕ್ಟರು ವಯಸ್ಸಾದವರು. ಬೋಳು ತಲೆ — ನಮ್ಮ ವೃತ್ತಿಗೆ ಅಂಥವರಿಂದ ಲಾಭವಿಲ್ಲ. ನನ್ನಿಂದ ಏನೇನೋ ಆಟ ಆಡಿಸಿದರು. ನಿನ್ನ ಮೂಗು ಮುಟ್ಟು, ನನ್ನ ಬೆರಳು ಮುಟ್ಟು. ಮೂಗು ಸಿಕ್ಕಿತು, ಬೆರಳು ತಪ್ಪಿಸಿಕೊಂಡಿತು. ಅಂಗೈಯನ್ನು ತೊಡೆಯ ಮೇಲೆ ದೋಸೆ ಮಗುಚಿದ ಹಾಗೆ ಬೇಗ ಬೇಗ ಮಗುಚು. ಎಡಗೈ ಹೋಟೆಲಿನ ಭಟ್ಟ, ಬಲಗೈ ಹೊಸ ಸೊಸೆ. ಆಮೇಲೆ ನನ್ನ ಮುಷ್ಟಿ ಹಿಡಿದು, ನಿನ್ನ ಕಡೆಗೆ ಜೋರಾಗಿ ಎಳಿ ಅಂದರು. ಎಳೆದೆ. ಥಟ್ಟನೆ ಬಿಟ್ಟುಬಿಟ್ಟರು. ನನ್ನ ಮುಷ್ಟಿ ನನ್ನ ಎದೆಗೇ ಗುದ್ದಿತು. ಬೇರೆಯವರಾದರೆ ಕೈ ನಡುವೆಯೇ ನಿಲ್ಲುತ್ತದಂತೆ. ಅಜ್ಮತ್ ಅರ್ಧ ನಕ್ಕು ನಿಲ್ಲಿಸಿದ.

ಆಮೇಲೆ ಕಾಯಿಲೆಯ ಹೆಸರು ಹೇಳಿ ವಿವರಿಸಿದರು. ನನಗೆ ತಿಳಿದಷ್ಟು ಬರೆಯುತ್ತೇನೆ. ಕೈ ಎತ್ತು ಎಂಬ ಆರ್ಡರು ಹೊರಡುವುದು ದೊಡ್ಡ ಮೆದುಳಿನಿಂದ. ಬೆನ್ನುಹುರಿಯಲ್ಲಿ ಇಳಿದು, ನರದಲ್ಲಿ ಹಾದು ತೋಳಿಗೆ ಬರುತ್ತದೆ. ಆದರೆ ಎಷ್ಟು ದೂರ, ಎಷ್ಟು ಜೋರು, ಎಲ್ಲಿ ನಿಲ್ಲಬೇಕು — ಇದನ್ನೆಲ್ಲ ನೋಡಿಕೊಳ್ಳುವುದು ಹಿಂದಲೆಯ ಕೆಳಗಿರುವ ಚಿಕ್ಕ ಮೆದುಳು. ತೋಳಿನಲ್ಲಿ ಎರಡು ಮಾಂಸಖಂಡಗಳಿವೆ, ಪಾಲು ಆಗದ ಅಣ್ಣತಮ್ಮಂದಿರ ಹಾಗೆ. ಒಂದು ಮಡಚಿದರೆ ಇನ್ನೊಂದು ಬಿಡಿಸುತ್ತದೆ. ಒಂದು ಎಳೆದುಕೊಂಡು ಹೋಗುವಾಗ, ತಲುಪುವ ಮೊದಲೇ ಇನ್ನೊಂದು ಬ್ರೇಕು ಹಿಡಿಯಬೇಕು. ಹಿಡಿ ಎಂದು ಸರಿಯಾದ ಗಳಿಗೆಗೆ ಹೇಳುವುದೇ ಚಿಕ್ಕ ಮೆದುಳಿನ ಕೆಲಸ. ನನ್ನಲ್ಲಿ ಅದು ತಡವಾಗಿ ಹೇಳುತ್ತಿದೆ. ಕೈ ಮುಂದೆ ಹೋಗುತ್ತದೆ. ಸರಿ ಮಾಡಲು ಹಿಂದಕ್ಕೆ ಬರುತ್ತದೆ, ಅದೂ ಹೆಚ್ಚಾಗುತ್ತದೆ. ಮತ್ತೆ ಮುಂದೆ. ನಾವು ನಡುಕ ಅನ್ನುವುದು ಇದನ್ನೇ: ಕೈ ತನ್ನ ತಪ್ಪನ್ನು ತಿದ್ದಿಕೊಳ್ಳಲು ಒದ್ದಾಡುವುದು.

ಅಷ್ಟು ಸಭ್ಯ ಕೈ ನನ್ನದು. ಹೆಮ್ಮೆ ಪಡಬೇಕೋ ಏನೋ.

ಔಷಧಿ? ವಾಸಿಯಾಗುವಂಥದ್ದು ಇಲ್ಲ. ನಿಧಾನಕ್ಕೆ ಜಾಸ್ತಿಯಾಗುತ್ತದೆ. ಆಮೇಲೆ ಕಾಲು, ಆಮೇಲೆ ಮಾತು. ತಂದೆಗೆ ಹೀಗಿತ್ತಾ ಎಂದು ಕೇಳಿದರು. ಕುಡೀತಿದ್ದರು ಅಂತಾರೆ ಅಂದೆ.

"ಕುಡೀತಿದ್ದರಾ, ಅಂತಾರಾ?"

ಇದು ರಕ್ತದಲ್ಲಿ ಬರುವಂಥದ್ದೂ ಇರಬಹುದು, ತಮ್ಮ ತಂಗಿ ಇದ್ದರೆ ಒಮ್ಮೆ ಕರೆದುಕೊಂಡು ಬನ್ನಿ ಅಂದರು. ತಲೆಯಾಡಿಸಿದೆ. ಅದೊಂದು ಇನ್ನೂ ಸರಿಯಾಗಿ ಆಡುತ್ತದೆ.

ಬರುವ ದಾರಿಯಲ್ಲಿ ಬಾಬುರಾಯನಕೊಪ್ಪಲಿನಲ್ಲಿ ಟೀ ಕುಡಿದೆವು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದೆ. ಲೋಕೇಶನಿಗೆ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಅಂಗಡಿಯಲ್ಲಿ ನೆಟ್ಟಗಿರುವುದು ಅವನ ಕೈಯೊಂದೇ. ಅದನ್ನೇಕೆ ಹೆದರಿಸಬೇಕು.

27 ಮಾರ್ಚ್, ಬುಧವಾರ

ಮಧ್ಯಾಹ್ನ. ಅವ್ವ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ. ಅಪ್ಪ ಕುಡಿಯುತ್ತಿದ್ದನೇ ಎಂದು ಕೇಳಿದೆ.

ಮೊರ ನಿಲ್ಲಲಿಲ್ಲ. "ಒಂದು ತೊಟ್ಟು ಮುಟ್ಟಿದ್ರೆ ನನ್ ನಾಲ್ಗೆ ಸೇದೋಗ್ಲಿ."

ಮತ್ತೆ ಊರವರು? ಅಪ್ಪ — ಸೋಮಯ್ಯ ಎಂದರೆ ಆಗ ಹೋಬಳಿಗೇ ಗೊತ್ತು — ಕತ್ತಿ ಕೆಳಗಿಟ್ಟದ್ದು, ತೂರಾಡುತ್ತ ನಡೆದದ್ದು, ಕೊನೆಗೆ ಕೆರೆ ಏರಿಯಿಂದ ಜಾರಿ ಸತ್ತದ್ದು, ಎಲ್ಲಕ್ಕೂ ಹೆಂಡವೇ ಕಾರಣ ಎಂದು ಊರು ಷರಾ ಬರೆದಿತ್ತು.

"ನಾನೇ ಊಂ ಅಂದೆ ಕಣಪ್ಪ. ಕುಡುಕನ ಮಗ್ಳು ಅಂದ್ರೆ ಯಾರಾದ್ರೂ ಮದ್ವೆ ಆಗ್ತಾರೆ. ಅದ್ರ ಹೆಸ್ರು ಏಳುದ್ರೆ ಆಯ್ತಾರಾ?"

ಇಷ್ಟೇ. 'ಅದು'. ಅವಳ ಬಾಯಲ್ಲಿ ಅದಕ್ಕೆ ಹೆಸರಿಲ್ಲ. ಹೆಸರು ಹೇಳಿದರೆ ಇಲ್ಲದವರ ಮೈಗೂ ಬರುತ್ತದೆ ಎಂಬುದು ಅವಳ ನಂಬಿಕೆ. ನನ್ನ ಜಾತಕ ಯಾಕೆ ಕೊಡಲಿಲ್ಲ ಎಂದು ಕೇಳಲಿಲ್ಲ. ಅವಳೇ ಹೇಳಿದಳು — ಯಾರದೋ ಮನೆ ಮಗಳನ್ನು ತಂದು ತನ್ನ ಹಾಗೆ ಅರ್ಧ ಲೋಟ ಇಡಿಸುವುದು ಬೇಡ ಅನ್ನಿಸಿತಂತೆ.

ಆಗ ಗೊತ್ತಾಯಿತು, ಕಾಫಿಯ ವಿಚಾರ. ಅಪ್ಪನಿಗೂ ಅರ್ಧವೇ. ತುಂಬಿದರೆ ಚೆಲ್ಲುತ್ತಿತ್ತು, ಚೆಲ್ಲಿದರೆ ಮಕ್ಕಳು ನೋಡುತ್ತಾರೆ ಎಂದು.

"ನಂಗೆ ಯಾವಾಗ್ನಿಂದ ಅವ್ವ?"

"ದೀಪಾವ್ಳಿಯಿಂದ."

ಕುಳ್ಳಯ್ಯ ಮೇಷ್ಟರ ಕಿವಿಗಿಂತ ಎಷ್ಟೋ ಮೊದಲು. ನನ್ನ ಕೈಗೆ ಗೊತ್ತಾಗುವ ಮುಂಚೆ, ಡಾಕ್ಟರಿಗೆ ಗೊತ್ತಾಗುವ ಮುಂಚೆ, ಅವಳ ಕೈಗೆ ಗೊತ್ತಾಗಿದೆ. ನಾನು ಹಾಲಿನ ದರ ಕೇಳಿದ್ದೆ.

9 ಏಪ್ರಿಲ್, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ. ಅಕ್ಷರಗಳು ಗೆರೆ ದಾಟುತ್ತಿವೆ. ದಾಟಲಿ, ಯಾರು ಓದಬೇಕು.

ಇವತ್ತು ಬಲೂನು ಪರೀಕ್ಷೆ. ಅಪ್ಪ ನನಗೆ ಕ್ಷೌರ ಕಲಿಸಿದ್ದು ಬಲೂನಿನ ಮೇಲೆ. ಊದಿ, ಸೋಪಿನ ನೊರೆ ಹಚ್ಚಿ, ಕತ್ತಿಯಿಂದ ನೊರೆ ತೆಗೆಯಬೇಕು, ಬಲೂನು ಒಡೆಯಬಾರದು. ಚಿನ್ನುವಿನ ತಲೆಯಷ್ಟು ಊದಿದೆ. ತಾತನ ಕತ್ತಿ ತೆಗೆದೆ. ಕಿರುಬೆರಳು ಊರಿದೆ, ಬಾಂಬೆ ಸ್ಟೈಲು. ನೆತ್ತಿಯ ಭಾಗ ಚೆನ್ನಾಗಿ ಬಂತು. ಹಿಂದಲೆಯ ಭಾಗವೂ. ನನಗೇ ಭರವಸೆ ಬಂತು. ಕಿವಿ ಇರಬೇಕಾದ ಜಾಗಕ್ಕೆ ಬಂದೆ.

ಒಡೆದ ಸದ್ದಿಗೆ ಅವ್ವ ಒಳಗಿನಿಂದ ಬಂದಳು. ನೊರೆ ನನ್ನ ಮುಖದ ಮೇಲಿತ್ತು. ಚೂರುಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಒಂದು ಚೂರನ್ನೂ ಬಿಡಲಿಲ್ಲ.

ನನ್ನಿಂದಾಗದು. ಬರೆದಿಟ್ಟಿದ್ದೇನೆ, ಇನ್ನು ಸುಳ್ಳು ಹೇಳಿಕೊಳ್ಳುವಂತಿಲ್ಲ.

11 ಏಪ್ರಿಲ್, ಗುರುವಾರ

ಗಿರಾಕಿ ಇಲ್ಲದ ಹೊತ್ತಿನಲ್ಲಿ ಲೋಕೇಶನಿಗೆ ಹೇಳಿದೆ. ಭುಜದಲ್ಲಿ ನೋವು, ಮುಡಿ ನೀನೇ ತೆಗಿ, ನಾನು ತೊಡೆ ಕೊಡುತ್ತೇನೆ. ಭುಜ ಎಂಬುದು ಕೈಗೆ ಹತ್ತಿರದ ಸುಳ್ಳು.

"ಏನಣ್ಣ, ಒಂದ್ ಮಗಿನ್ ತಲೆಗೆ ಎದ್ರುಕಂಡ್ಯಾ?" ಅಂದ. ಬಲಗೈ ನೀಟಾಗಿ ಮುಂದಕ್ಕೆ ಚಾಚಿ ತೋರಿಸಿದ. "ನೋಡು ನನ್ ಕೈಯ. ಗಾರೆ ಹಾಕ್ದಂಗದೆ."

ನೋಡಿದೆ. ಒಂದು ಬೆರಳೂ ಅಲುಗಲಿಲ್ಲ. ಎದೆ ಮೇಲಿಂದ ಮೂಟೆ ಇಳಿದ ಹಾಗಾಯಿತು.

ಅವ್ವನಿಗೆ ಸುದ್ದಿ ಮುಟ್ಟಿಸಿದರೆ ಖುಷಿಪಡುತ್ತಾಳೆ ಅಂದುಕೊಂಡೆ. ಬದಲಿಗೆ ಮತ್ತೆ ಹಳೇ ರಾಗ, ಹೊಳೆ ತಾವ ಇರುವವರ ಹತ್ತಿರವೇ ತೆಗೆಸಿ ಅಂತ. ನಾನು ಸ್ವಲ್ಪ ಗಟ್ಟಿಯಾಗಿಯೇ ಅಂದೆ: ನನಗಾಗಲ್ಲ ಅಂತ ತಾನೇ ನೀನು ಹೇಳಿದ್ದು, ಈಗ ಲೋಕಿ ಮಾಡ್ತಾನಲ್ಲ, ಇನ್ನೇನು? ಅವಳು ಸುಮ್ಮನಾದಳು. ಸುಮ್ಮನಾದಾಗಲೆಲ್ಲ ಗೆದ್ದೆ ಅಂದುಕೊಳ್ಳುವುದು ನನ್ನ ಅಭ್ಯಾಸ.

19 ಏಪ್ರಿಲ್, ಶುಕ್ರವಾರ

ಎಲೆಕ್ಷನ್ ಜೀಪುಗಳ ಕಾಟ. ಮೈಕಿನ ಸದ್ದಿಗೆ ಕತ್ತರಿಯ ಸದ್ದೇ ಕೇಳುವುದಿಲ್ಲ. ಕತ್ತಿ ಕೆಲಸವೆಲ್ಲ ಲೋಕೇಶನಿಗೆ ಬಿಟ್ಟಿದ್ದೇನೆ. ನಾನು ಬಾಚಣಿಗೆ, ಪೌಡರು, ರಾಜಕೀಯ ವಿಶ್ಲೇಷಣೆ.

ಲೋಕೇಶನೂ ಕಿರುಬೆರಳು ಊರಿ ಕ್ಷೌರ ಮಾಡುತ್ತಿದ್ದಾನೆ. ಮೊಣಕೈ ಗಿರಾಕಿಯ ಭುಜಕ್ಕೆ. ಬಾಂಬೆ ಸ್ಟೈಲು ಹರಡುತ್ತಿದೆ. ಶಿಷ್ಯ ತಯಾರಾದ ಎಂದು ಅಜ್ಮತ್‌ಗೆ ಹೇಳಿದೆ. ಅಜ್ಮತ್ ಲೋಕೇಶನನ್ನೇ ಸ್ವಲ್ಪ ಹೊತ್ತು ನೋಡಿದ. ಗಡ್ಡದ ಗೆರೆ ಎಳೆಸಿಕೊಳ್ಳದೆ, ಇನ್ನೊಂದು ದಿನ ಬರ್ತೀನಿ ಎಂದು ಹೋದ.

25 ಏಪ್ರಿಲ್, ಗುರುವಾರ. ಬೆಳಿಗ್ಗೆ ಎಂಟು. ಶ್ರೀರಂಗಪಟ್ಟಣ

ಹೊಳೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಜ್ಮತ್‌ನ ಟೆಂಪೋದಲ್ಲಿ ಎಲ್ಲರೂ ಬಂದಿಳಿದೆವು. ಬೇಸಿಗೆಯ ನೀರು, ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಮಲಗಿವೆ. ಅರ್ಪಿತ ಮರದ ಮರೆಯಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಹೊಟ್ಟೆ ತುಂಬಿದರೆ ಚಿನ್ನು ತಲೆ ಆಡಿಸುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ನಾಗರಾಜು ಕ್ಯಾಮೆರಾದಲ್ಲಿ ರೀಲು ಸಿಕ್ಕಿಸಿಕೊಂಡಿದ್ದಾನೆ. ದೊಡ್ಡತಾಯಮ್ಮ ಹೂವು, ಹಣ್ಣು, ಅಧಿಕಾರ. ಕೆಳಗೆ ಕೊಡೆಯಡಿ ಮೂವರು ಕೆಲಸದವರು ತಮ್ಮ ಪೆಟ್ಟಿಗೆ ಬಿಚ್ಚಿ ಕೂತು ನಮ್ಮ ಕಡೆ ನೋಡುತ್ತಿದ್ದಾರೆ. ನಾವು ಅವರ ಕಡೆ ನೋಡುತ್ತಿಲ್ಲ. ನಾವು ಸಲೂನಿನ ಮನೆಯವರು.

ಲೋಕೇಶ ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಳಿದ. ಕಾಲು ಅಗಲಿಸಿ ಇಳಿಯುತ್ತಾನೆ, ಪೈಲ್ವಾನನ ಹಾಗೆ. ಯಾವಾಗಿನಿಂದಲೋ.

ಅವ್ವ ಫ್ಲಾಸ್ಕಿನ ಕಾಫಿ ಬಗ್ಗಿಸುತ್ತಿದ್ದಾಳೆ. ದೊಡ್ಡತಾಯಮ್ಮನಿಗೆ ತುಂಬ. ನಾಗರಾಜುವಿಗೆ ತುಂಬ. ಅಜ್ಮತ್‌ಗೆ ಅಂಚಿನವರೆಗೆ, ಊದಿ ಕುಡಿಯಬೇಕು. ನನಗೆ ಅರ್ಧ. ಬೇಸರವಿಲ್ಲ, ಈಗ ಅಭ್ಯಾಸವಾಗಿದೆ.

ಲೋಕೇಶನಿಗೆ ಅರ್ಧ.

ಫ್ಲಾಸ್ಕಿನಲ್ಲಿ ಇನ್ನೂ ಇದೆ. ಮುಚ್ಚಳ ತಿರುಗಿಸುವಾಗ ಕಾಫಿ ಕುಲುಕಿದ ಸದ್ದು ಕೇಳಿಸಿತು.

ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ತಾನು ಏನು ಮಾಡಿದೆ ಎಂದು ಅವಳಿಗೂ ಆಗಲೇ ತಿಳಿದ ಹಾಗಿತ್ತು. ಅವಳ ಕೈ ಅರ್ಧಕ್ಕೇ ತಾನಾಗಿ ನಿಂತುಬಿಟ್ಟಿದೆ, ಬಾಯಿ ಹೇಳದ್ದನ್ನು ಹೇಳಿ.

ಚಾಚಿ ಹಿಡಿದ ಕೈ ನೋಡಿ ಸಮಾಧಾನ ಮಾಡಿಕೊಂಡ ಜಾಣ ನಾನು. ನಿಂತ ಕೈ ನನ್ನದೂ ನಡುಗುವುದಿಲ್ಲವಲ್ಲ. ಮೊಪೆಡ್ಡು. ಕಿರುಬೆರಳು. ಅವನು ನನ್ನನ್ನು ನೋಡಿ ಕಲಿತದ್ದಲ್ಲ. ತನಗೇ ಬೇಕಾಗಿತ್ತು. ಅವನಿಗೇ ಇನ್ನೂ ಗೊತ್ತಿಲ್ಲ, ಜನವರಿಯಲ್ಲಿ ನನಗೆ ಗೊತ್ತಿರದ ಹಾಗೆ. ಕೊಡೆಯಡಿಯವರನ್ನು ಕರೆಸು ಎಂದು ಅವ್ವ ಎರಡು ಸಲ ಹೇಳಿದಳು. ಇಬ್ಬರು ಮಕ್ಕಳ ಸಲುವಾಗಿ ಹೇಳಿದಳು. ನಾನು ಒಬ್ಬನ ಸಲುವಾಗಿ ಕೇಳಿಸಿಕೊಂಡೆ.

ಅರ್ಪಿತ ಮಗು ಎತ್ತಿಕೊಂಡು ಬರುತ್ತಿದ್ದಾಳೆ. ಚಿನ್ನು ಹಾಲಿನ ಬಾಯಲ್ಲಿ ನಗುತ್ತಿದೆ. ಲೋಕೇಶ ಕಾಫಿ ಮುಗಿಸಿ ಲೋಟ ಕೆಳಗಿಟ್ಟ. ಕಲ್ಲು ಇನ್ನೂ ದೂರವಿದೆ ಅಂದುಕೊಂಡಿದ್ದನೇನೋ, ಠಣ್ ಅಂತು. ತಾತನ ಕತ್ತಿ ಬಿಚ್ಚಿ ಚರ್ಮದ ಪಟ್ಟಿಗೆ ಎಳೆಯುತ್ತಿದ್ದಾನೆ. "ಬಾಣ್ಣ, ತೊಡೆ ಕೊಡು" ಅನ್ನುತ್ತಿದ್ದಾನೆ.

ಎದ್ದು ಹೇಳಬೇಕು. ದೊಡ್ಡತಾಯಮ್ಮನ ಮುಂದೆ, ನಾಗರಾಜುವಿನ ಮುಂದೆ, ಅರ್ಪಿತಳ ಮುಂದೆ. ಕಾಯಿಲೆಯ ಹೆಸರು ಹಿಡಿದೇ ಹೇಳಬೇಕು. ಮೊದಲು ನನ್ನದು. ಆಮೇಲೆ